ಒಂದು ಕೊಂಬಿನಿಳಿ

ಮಾರ್ಚ್ ೩, ಸೋಮವಾರ

ಒಳಗಣ್ಣಿಗೆ ಬೆಳಕಾಗಿ, ಹೊರಗಣ್ಣಿಗೆ ಸಾಕ್ಷಿಯಾಗಿ ನಿಂತು, ತಾನು ಮಾತ್ರ ಕ್ಷಯಿಸದೆ ಅಕ್ಷರನೆನಿಸಿಕೊಂಡ ಪರಮಾತ್ಮನಿಗೆ ಮಣಿದು, ಮಾರ್ಚ್ ತಿಂಗಳ ಮೂರನೆಯ ದಿನವಾದ ಈ ಸೋಮವಾರ, ಸೂರ್ಯನು ಎದುರುಮನೆಯ ಮಾಡಿನಿಂದ ಒಂದು ಮೊಳ ಮೇಲೇರಿದ ಹೊತ್ತಿನಲ್ಲಿ, ಎಪ್ಪತ್ತಾರು ತುಂಬಿದ ನಾನು ಈ ದಿನಚರಿಯನ್ನು ತೊಡಗುತ್ತಿದ್ದೇನೆ. ದಪ್ಪ ಮೊನೆಯ ಕರಿಯ ಪೆನ್ನು, ಸಾಲು ತಪ್ಪದಿರಲೆಂದು ಕೆಳಗೊಂದು ಮರದ ರೂಲುದೊಣ್ಣೆ. ಓದುವವನು ನಾನೊಬ್ಬನೇ, ಅದೂ ಎಷ್ಟು ದಿನವೋ ತಿಳಿಯದು.

ತೊಡಗಲು ಕಾರಣ ಭಯ. ಪಡಸಾಲೆಯನ್ನು ಈ ತಿಂಗಳ ಮೂವತ್ತೊಂದರಂದು ಮುಚ್ಚಲಾಗುವುದೆಂದು ನಿನ್ನೆ ಪ್ರಕಟಣೆಯಾಗಿದೆ; ಎಲ್ಲರೂ ಸಾಮಾಜಿಕ ಜಾಲತಾಣವೊಂದರ ಗುಂಪಿಗೆ ಹೋಗಬೇಕಂತೆ.

ಪಡಸಾಲೆಯೆಂಬುದು ಕಲ್ಲುಮಣ್ಣಿನದಲ್ಲ. ಕಣ್ಣು ಕಳೆದುಕೊಂಡವರೂ ಕಳೆದುಕೊಳ್ಳುತ್ತಿರುವವರೂ ಸೇರಿ ಮಾತನಾಡಿಕೊಳ್ಳಲೆಂದು ಹತ್ತೊಂಬತ್ತು ವರ್ಷಗಳ ಹಿಂದೆ ಅಂತರಜಾಲದಲ್ಲಿ ಕಟ್ಟಿದ ಚರ್ಚಾವೇದಿಕೆ. ಕಟ್ಟಿದವರು ಒಬ್ಬ ರೇಡಿಯೋ ರಿಪೇರಿಯವರು. ಮೂವತ್ತರ ಹರೆಯದಲ್ಲಿ ದೃಷ್ಟಿ ಹೋದವರು. ನಮಗೆಲ್ಲ ಅವರು ‘ರೇಡಿಯೋ’. ಅಲ್ಲಿ ಒಬ್ಬರ ಒಂದು ಪ್ರಶ್ನೆಗೆ ಒಂದು ಕೋಣೆ. ಉತ್ತರಗಳು ಬಂದ ಕ್ರಮದಲ್ಲೇ ಕುಳಿತಿರುತ್ತವೆ. ಹತ್ತು ವರ್ಷದ ಹಿಂದೆ ಯಾರೋ ಯಾರಿಗೋ ಕೊಟ್ಟ ಬುದ್ಧಿಮಾತು ಇವತ್ತು ಬಾಗಿಲು ತಟ್ಟಿದವನಿಗೂ ಸಿಗುತ್ತದೆ. ಎಲ್ಲಕ್ಕಿಂತ ಮೇಲೆ, ಸದಾ ಕಾಣುವಂತೆ, ಆಸ್ಪತ್ರೆಯ ನರ್ಸಮ್ಮ ಬರೆದ ಒಂದು ಎಚ್ಚರಿಕೆಯಿದೆ: ಕಣ್ಣಿನಲ್ಲಿ ಮಿಂಚು ಹೊಡೆದು ಪರದೆ ಬಿದ್ದಂತಾದರೆ ಒಂದು ದಿನವೂ ಕಾಯಬೇಡಿ, ನನಗೆ ಫೋನ್ ಮಾಡಿ. ಆ ಒಂದು ಸಾಲಿನಿಂದ ಈವರೆಗೆ ಏಳು ಜನರ ಕಣ್ಣು ಉಳಿದಿದೆ.

ನನ್ನದು ಅಲ್ಲಿ ಸಣ್ಣ ಸೇವೆ. ನಲವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಈಗ ನನ್ನ ಎರಡೂ ಕಣ್ಣುಗಳ ನಡುಭಾಗಕ್ಕೆ ಕರೆ ಕಟ್ಟಿದೆ. ನೋಡಿದ್ದು ಕಾಣದು, ನೋಡದೆ ಬಿಟ್ಟ ಅಂಚು ಕಾಣುತ್ತದೆ. ಆದರೂ ಅಕ್ಷರವನ್ನು ಮುಷ್ಟಿಯಷ್ಟು ಹಿಗ್ಗಿಸಿ, ಓರೆಗಣ್ಣಿನಿಂದ ನೋಡಿ, ಪಡಸಾಲೆಯವರ ಬರಹದ ಕಾಗುಣಿತ ತಿದ್ದುತ್ತೇನೆ. ನಮ್ಮವರಲ್ಲಿ ಬಹುಮಂದಿಗೆ ಬರಹವನ್ನು ಯಂತ್ರದ ದನಿ ಓದಿಹೇಳುತ್ತದೆ. ಒಂದು ಒತ್ತು ತಪ್ಪಿದರೂ ಅದು ಎಡವುತ್ತದೆ. ಕೊಂಬು, ಕೊಂಬಿನಿಳಿಗಳನ್ನು ಸರಿಪಡಿಸುವುದೇ ಹೆಚ್ಚಾದ್ದರಿಂದ ನನಗೆ ‘ಕೊಂಬಿನಜ್ಜ’ ಎಂಬ ಬಿರುದು. ಮೊದಲು ಕೋಪ ಬಂದಿತ್ತು. ಆಮೇಲೆ ಒಗ್ಗಿತು.

ನನ್ನ ಭಯವಿದು: ಉಳಿದ ಅಂಚೂ ಆರಿದ ದಿನ ನನಗೆ ದಿಕ್ಕು ಹೇಳುವವರು ಯಾರು?

ಮಗಳು ನಗರದ ಬಸ್ಸಿನ ಚಾಲಕಿ. ಬೂಟಿನ ದಾರ ಕಟ್ಟುತ್ತಲೇ ಅವಳೆಂದಳು: “ಆಕಾಶ ಕಳಚಿ ಬಿದ್ದ ಹಾಗೆ ಕೂರಬೇಡಿ ಅಪ್ಪ. ಜನ ಎಲ್ಲಾ ಆ ಕಡೆ ಹೋಗಿ ಎಷ್ಟು ವರ್ಷ ಆಯ್ತು. ನೀವು ಕೊನೇ ಸ್ಟಾಪಲ್ಲಿ ಬಸ್ಸಿಗೆ ಕಾಯ್ತಿದ್ದೀರಿ.”

“ಕೊನೆಯ ಸ್ಟಾಪಿಗೂ ಬಸ್ಸು ಬರಬೇಕಲ್ಲ, ಮಗು.”

“ಬರುತ್ತೆ. ಕಾಲಿ ಬರುತ್ತೆ.”

“ಖಾಲಿ. ಮಹಾಪ್ರಾಣ.”

“ನಾನು ಓಡಿಸೋದು ಬಸ್ಸು ಅಪ್ಪ, ವ್ಯಾಕರಣ ಅಲ್ಲ,” ಎಂದು ಬಾಗಿಲೆಳೆದುಕೊಂಡು ಹೋದಳು.

ಮಾರ್ಚ್ ೬, ಗುರುವಾರ

ಎಲ್ಲರೂ ಹೋಗಬೇಕಾದ ಆ ಸಾಮಾಜಿಕ ಜಾಲತಾಣದಲ್ಲಿ ಮಗಳು ಇಂದು ನನಗೊಂದು ಖಾತೆ ತೆರೆದುಕೊಟ್ಟಳು. ರೇಡಿಯೋ ಅಲ್ಲಿ ‘ಪಡಸಾಲೆ’ ಎಂಬ ಹೆಸರಿನದೇ ಗುಂಪೊಂದನ್ನು ಮಾಡಿಟ್ಟಿದ್ದಾರೆ. ಸೇರಿದವರು ಆಗಲೇ ನಾಲ್ಕು ಸಾವಿರ.

ಯಂತ್ರದ ದನಿ ಓದತೊಡಗಿತು. “ಚಿತ್ರ. ಚಿತ್ರ. ವಿಡಿಯೋ. ಮುನ್ನೂರು ಜನ ನಕ್ಕಿದ್ದಾರೆ. ಚಿತ್ರ.” ಯಾವುದರ ಚಿತ್ರವೆಂದು ಅದಕ್ಕೆ ತಿಳಿಯದು, ನನಗೆ ಕಾಣದು. ಕುರುಡರ ಗುಂಪಿನಲ್ಲಿ ಚಿತ್ರ ಹಾಕುವವರು ಯಾರೆಂದು ಕೇಳಿದ್ದಕ್ಕೆ ಮಗಳು, “ಪಾಪ, ಬೆಳಗಿನ ಶುಭಾಶಯ ಅಪ್ಪ, ಹೂವಿನ ಚಿತ್ರ,” ಎಂದಳು.

ನರ್ಸಮ್ಮನ ಎಚ್ಚರಿಕೆಯ ಸಾಲನ್ನು ನಾನೇ ಅಲ್ಲಿ ಬರೆದೆ. ಮಧ್ಯಾಹ್ನ ಹುಡುಕಿದರೆ ಇಲ್ಲ. ಅಳಿಸಿಲ್ಲವಂತೆ, ಕೆಳಗೆ ಹೋಗಿದೆಯಂತೆ. ಅಲ್ಲಿ ಹೆಚ್ಚು ಮೆಚ್ಚುಗೆ ಬಂದದ್ದು ಮೇಲೆ ತೇಲುತ್ತದೆ, ಉಳಿದದ್ದು ಮುಳುಗುತ್ತದೆ. ಒಬ್ಬ ಎಳೆಯ ತಂದೆ, ಮಗುವಿನ ಕಣ್ಣಿನ ಒತ್ತಡಕ್ಕೆ ಕೊಟ್ಟ ಹನಿಮದ್ದನ್ನು ಎರಡು ಹೊತ್ತು ಮರೆತೆನೆಂದು ಕಂಗಾಲಾಗಿ ಬರೆದಿದ್ದ. ಅವನ ಪ್ರಶ್ನೆಗೆ ನಲವತ್ತು ಹೆಬ್ಬೆರಳು, ಹದಿನೇಳು ಜೋಡಿಸಿದ ಕೈ. ಉತ್ತರ ಒಂದೂ ಇಲ್ಲ. ನಾನು ನರ್ಸಮ್ಮನ ನಂಬರು ಬರೆಯುವಷ್ಟರಲ್ಲಿ ಪರದೆ ಸರಿದು ಯಾವುದೋ ಅಡುಗೆಯ ವಿಡಿಯೋ ಬಂತು. ಅವನ ಕೋಣೆ ಮತ್ತೆ ಸಿಗಲಿಲ್ಲ. ಅಲ್ಲಿ ಕೋಣೆಗಳೇ ಇಲ್ಲ. ಅದೊಂದು ಹೊಳೆ, ದಡದಲ್ಲಿ ನಿಂತು ಒಬ್ಬೊಬ್ಬರೂ ಚಪ್ಪಾಳೆ ತಟ್ಟುತ್ತಾರೆ.

ಇಲ್ಲಿಗೆ ಸಾಕು.

ಮಾರ್ಚ್ ೧೦, ಸೋಮವಾರ

ರೇಡಿಯೋ ಜೊತೆ ಫೋನಿನಲ್ಲಿ ಒಂದು ಗಂಟೆ ವಾದ. ಅವರ ಅಂಗಡಿಯ ಬೆಸುಗೆಕೋಲಿನ ಚುಂಯ್‌ಗುಟ್ಟುವಿಕೆ ನಡುನಡುವೆ ಕೇಳುತ್ತಿತ್ತು.

“ಅಜ್ಜ, ಪಡಸಾಲೆಯ ಪ್ರೋಗ್ರಾಮು ಹಳೇದು. ಅದನ್ನ ಬಲ್ಲವನು ಒಬ್ಬನೇ ಗೆಳೆಯ ಇದ್ದ, ಹೋದ ವರ್ಷ ತೀರಿಕೊಂಡ. ಈಗ ವಾರಕ್ಕೊಂದು ಸಲ ಕಳ್ಳರು ನುಗ್ತಾರೆ. ಬಾಗಿಲಿಗೆ ಚಿಲಕ ಹಾಕೋಕೆ ನನಗೆ ಬರಲ್ಲ. ಜಾಗ ಕೊಟ್ಟವರೂ ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದಾರೆ.”

“ಬೇರೆ ಜಾಗ ನೋಡೋಣ.”

“ನೋಡಿ ಯಾರನ್ನ ಕೂರಿಸೋದು? ಹೋದ ತಿಂಗಳು ಪಡಸಾಲೆಯಲ್ಲಿ ಬರೆದವರು ಹನ್ನೊಂದು ಜನ. ಅದರಲ್ಲಿ ಒಬ್ಬರು ಬರೆಯೋಕಿಂತ ತಿದ್ದೋದೇ ಹೆಚ್ಚು.”

ಆ ಒಬ್ಬನು ನಾನು.

“ಕಣ್ಣು ಹೋದವನು ಇವತ್ತು ಮೊದಲು ಹೋಗೋದು ಅಲ್ಲಿಗೇ ಅಜ್ಜ. ನಾವು ಇಲ್ಲಿ ದೀಪ ಹಚ್ಚಿಟ್ಟು ಕೂತರೆ ಯಾರಿಗೆ ಬಂತು?”

ಹನ್ನೊಂದು ಜನರೆಂಬುದು ಸುಳ್ಳಲ್ಲ. ನಾಲ್ಕು ಸಾವಿರವೆಂಬುದೂ ಸುಳ್ಳಲ್ಲ. ಎರಡೂ ನಿಜವಾದ್ದರಿಂದಲೇ ಹೆದರಿಕೆಯಾಗುತ್ತಿದೆ.

ಮಾರ್ಚ್ ೧೩, ಗುರುವಾರ

ಇಂದು ಕೆಲಸ ತುಂಬ ಇತ್ತು. ಮನಸ್ಸಿಗೆ ಕೊಂಚ ಹಿತ. ‘ಹೊಸ ಗುಂಪಿನ ಪುಟ ನಿಮಗೆ ಕಾಣುತ್ತಿದೆಯೇ?’ ಎಂದು ರೇಡಿಯೋ ಪಡಸಾಲೆಯಲ್ಲಿ ಎಲ್ಲರನ್ನೂ ಕೇಳಿದ್ದರು. ಉತ್ತರಗಳು ಬಂದವು, ತಿದ್ದಿದೆ. ‘ಕಾಣಿಸುತಿದೆ’ ಎಂದವರಿಗೆ ಒತ್ತು ಕೊಟ್ಟೆ.

ಅದೇ ಕೋಣೆಯಲ್ಲಿ ಹೊಲಿಗೆಯಕ್ಕ ಬರೆದಳು: ‘ನನಗೆ ಇನ್ನು ಕಾಣಲ್ಲ. ಏನು ಮಾಡಲಿ.’ ಇವಳು ಪಡಸಾಲೆಯ ಹಳೆಯ ಸದಸ್ಯೆ, ಐವತ್ತೆರಡರ ಹೆಂಗಸು, ಒಂಟಿ. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಇನ್ನೊಂದಕ್ಕೆ ಸೀಸೆಯ ತಳದಂಥ ಕನ್ನಡಕ. ಆ ಒಂದರಿಂದಲೇ ಬಟ್ಟೆ ಹೊಲಿದು ಬದುಕುತ್ತಾಳೆ. ಬರೆಯುವುದು ಫೋನಿಗೆ ಬಾಯಲ್ಲಿ ಹೇಳಿ. ಅವಳ ಫೋನಿಗೂ ದೀರ್ಘಕ್ಕೂ ಎಣ್ಣೆ ಸೀಗೇಕಾಯಿ. ‘ಇನ್ನು’ ಎಂದರೆ ಇಂದಿನಿಂದ ಮುಂದಕ್ಕೆ, ‘ಇನ್ನೂ’ ಎಂದರೆ ಇಂದಿನವರೆಗೆ. ಆ ಫೋನು ಎರಡನ್ನೂ ಹ್ರಸ್ವವಾಗಿಯೇ ಬರೆಯುತ್ತದೆ. ‘ಇನ್ನು ಊಟ ಆಗಿಲ್ಲ’, ‘ಗಿರಾಕಿ ಇನ್ನು ಬಂದಿಲ್ಲ’ ಎಂದು ಬಂದದ್ದನ್ನು ನೂರು ಸಲ ತಿದ್ದಿರಬೇಕು. ಇಂದೂ ಕೊಂಬಿಗೆ ಇಳಿ ಕೊಟ್ಟು ‘ನನಗೆ ಇನ್ನೂ ಕಾಣಲ್ಲ’ ಎಂದು ಮಾಡಿದೆ. ‘ಕಾಣುತ್ತಿಲ್ಲ’ ಎಂದಿದ್ದರೆ ಚೆನ್ನಾಗಿತ್ತು. ಅದು ಅವಳ ಮಾತಿನ ರೀತಿಯೆಂದು ಬಿಟ್ಟೆ.

ರೇಡಿಯೋ ಕೂಡಲೇ ಉತ್ತರಿಸಿದರು: ‘ಗಾಬರಿ ಬೇಡಕ್ಕ. ಎರಡು ದಿನ ಕಾಯಿರಿ, ತಾನಾಗೇ ಕಾಣುತ್ತೆ. ಎಲ್ಲರಿಗೂ ಹೀಗೇ ಆಗಿದೆ.’

ಒಟ್ಟು ಇಪ್ಪತ್ತೆರಡು ತಿದ್ದುಪಡಿ. ಬಹಳ ದಿನಗಳ ಮೇಲೆ ಕೈಗೆ ಕೆಲಸದ ಸಂತೋಷ ಹತ್ತಿತು.

ಮಾರ್ಚ್ ೧೪, ಶುಕ್ರವಾರ

ಹೊಲಿಗೆಯಕ್ಕ ದಿನವೂ ಬೆಳಿಗ್ಗೆ ಏನಾದರೊಂದು ಚೇಷ್ಟೆಯ ಮಾತು ಬರೆಯುವವಳು. ಇಂದು ಇಲ್ಲ. ಹೊಸ ಗುಂಪಿಗೆ ಹೋಗಿದ್ದಾಳೇನೋ ಎಂದು ಅಲ್ಲಿಯೂ ಹುಡುಕಿದೆ. ಚಿತ್ರ. ಚಿತ್ರ.

ಮಾರ್ಚ್ ೧೫, ಶನಿವಾರ

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಹತ್ತಲಿ.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಏಳುತ್ತಿದ್ದಾಗ ನರ್ಸಮ್ಮನ ಫೋನು. ಮೂರು ದಿನ ಪರವೂರಿನಲ್ಲಿದ್ದು ಆಗಷ್ಟೇ ಬಂದಿದ್ದಳು.

“ಅಜ್ಜ, ಹೊಲಿಗೆಯಕ್ಕ ಬರೆದದ್ದು ನೋಡಿದ್ರಾ?”

“ನೋಡಿದೆನಮ್ಮ. ಹೊಸ ಪುಟ ಇನ್ನೂ ಕಾಣುತ್ತಿಲ್ಲವಂತೆ.”

“ಪುಟ ಅಂತ ಎಲ್ಲಿದೆ? ನನಗೆ ಮೇಲ್‌ನಲ್ಲಿ ಬಂದಿದ್ದರಲ್ಲಿ ‘ಇನ್ನು ಕಾಣಲ್ಲ’ ಅಂತಿದೆ. ಪಡಸಾಲೆಯಲ್ಲಿ ‘ಇನ್ನೂ’ ಅಂತಿದೆ. ಕೊಂಬು ಎಳೆದವರು ಯಾರು ಅಜ್ಜ?”

ಸದಸ್ಯರ ಮೇಲ್‌ಗೆ ಬರಹದ ಮೊದಲ ರೂಪ ಹೋಗುತ್ತದೆ. ನನ್ನ ತಿದ್ದುಪಡಿ ಅಲ್ಲಿಗೆ ಮುಟ್ಟುವುದಿಲ್ಲ. ಇನ್ನು ಕಾಣಲ್ಲ. ಇಂದಿನಿಂದ ಮುಂದಕ್ಕೆ ಕಾಣಲ್ಲ. ಕ್ರಿಯಾಪದವೇ ಸಾಕ್ಷಿ ಹೇಳುತ್ತಿತ್ತು. ನಾನು ಅದನ್ನು ಮಾತಿನ ರೀತಿಯೆಂದು ಪಕ್ಕಕ್ಕೆ ಸರಿಸಿದ್ದೆ.

ಹೊಲಿಗೆಯಕ್ಕನ ನಂಬರು ಒತ್ತಿದೆ. ಹದಿನೈದು ಸಲ ಬಡಿದ ಮೇಲೆ ಎತ್ತಿದಳು.

“ಅಜ್ಜನಾ? ನೀವೇ ಫೋನ್ ಮಾಡಿದ್ರಿ ನೋಡಿ. ಎರಡು ದಿನ ಆಯ್ತು, ಕಾಣಲಿಲ್ಲ.”

“ಏನಾಗಿದೆಯಮ್ಮ?”

“ಬುಧವಾರ ಮಿಂಚು ಮಿಂಚು ಅಂತು. ಗುರುವಾರ ಬೆಳಿಗ್ಗೆ ಕೆಳಗಡೆಯಿಂದ ಕಪ್ಪು ಪರದೆ ಎದ್ದು ಬಂತು. ಆ ಮೇಲಿನ ಸೂಚನೆ ಹುಡುಕೋಕೆ ಕಣ್ಣು ಬೇಕಲ್ಲ. ಫೋನು ಎಲ್ಲಿ ತೆರೀತೋ ಅಲ್ಲೇ ಹೇಳಿದೆ. ರೇಡಿಯೋ ಅಣ್ಣ ಎರಡು ದಿನ ಕಾಯಿ ಅಂದ್ರು. ಎಲ್ಲರಿಗೂ ಹೀಗೇ ಆಗಿದೆ ಅಂದ್ರಲ್ಲ ಅಜ್ಜ, ಧೈರ್ಯ ತಗೊಂಡು ಕಾದೆ.”

ದೇವರೇ, ಪಡಸಾಲೆಯನ್ನು ನಂಬಿ ಕಾದಳು.

ಮಗಳಿಗೆ ಇಂದು ರಜೆ. ನಾನು ಹೇಳಿದ್ದರಲ್ಲಿ ಅರ್ಧ ಕೇಳುವಷ್ಟರಲ್ಲೇ ಟ್ಯಾಕ್ಸಿ ಕರೆದಿದ್ದಳು. ಹೊಲಿಗೆಯಕ್ಕನ ವಿಳಾಸ ಓದಿ, “ಇದು ನನ್ನ ಬಸ್ಸಿನ ದಾರಿ ಅಪ್ಪ, ದಿನಕ್ಕೆ ನಾಲ್ಕು ಸಲ ಇವರ ಕಿಟಕಿ ಕೆಳಗೇ ಹೋಗ್ತೀನಿ,” ಎಂದಳು. ಹತ್ತೊಂಬತ್ತು ವರ್ಷ ಒಂದೇ ನಗರದಲ್ಲಿದ್ದು ನಾವು ಒಬ್ಬರನ್ನೊಬ್ಬರು ಕಂಡಿರಲಿಲ್ಲ.

ಅಂಗಡಿಯ ಮೇಲಿನ ಕೋಣೆ, ಹದಿನೇಳು ಮೆಟ್ಟಿಲು. ನೂಲಿನ ಪೆಟ್ಟಿಗೆಗಳಿಗೆಲ್ಲ ಗುಂಡಿ ಅಂಟಿಸಿದ್ದಳು: ಒಂದು ಗುಂಡಿಯದು ಬಿಳಿ, ಎರಡರದು ಕಪ್ಪು, ಮೂರರದು ಕೆಂಪು. ಮಿಷನ್ನಿನ ಮೇಲೊಂದು ಅಂಗಿಯಿತ್ತು; ಅದರ ತೋಳಿನ ಬಾಯಿ ಜೇಬಿಗೆ ಸೇರಿ ಹೊಲಿಗೆಯಾಗಿತ್ತು. ಮಗಳು ಅದನ್ನು ಕೈಗೆತ್ತಿಕೊಂಡು ನನಗೆ ಮುಟ್ಟಿಸಿದಳು.

“ಸುಮ್ಮನೆ ಕಾಯ್ತಾ ಕೂತ್ಕೊಳ್ಳೋಕೆ ಕೈ ಬಿಡಲಿಲ್ಲ,” ಎಂದಳು ಹೊಲಿಗೆಯಕ್ಕ, ಅಳತೆಪಟ್ಟಿ ಕೊರಳಿನಲ್ಲೇ ಇತ್ತು. “ಹೊಲಿಗೆ ಹೇಗೆ ಬಂದಿದೆ?”

“ಚೆನ್ನಾಗಿ ಬಂದಿದೆ ಅತ್ತೆ,” ಎಂದಳು ಮಗಳು. “ಆದ್ರೆ ಆ ಮನುಷ್ಯ ಕೈ ಯಾವಾಗಲೂ ಜೇಬಲ್ಲೇ ಇಟ್ಕೋಬೇಕಾಗುತ್ತೆ.”

ಹೊಲಿಗೆಯಕ್ಕ ನಕ್ಕಳು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, “ನಿಮಗೆ ನಡುವೆ ಕಾಣಲ್ಲ, ನನಗೆ ಕೆಳಗೆ ಕಾಣಲ್ಲ. ಇಬ್ಬರೂ ಸೇರಿ ಒಂದು ಮೆಟ್ಟಿಲು ಇಳಿದರೆ ದೊಡ್ಡದು ಅಜ್ಜ,” ಎಂದಳು. ಅವಳ ಬೆರಳು ಮಂಜುಗಡ್ಡೆ. ಟ್ಯಾಕ್ಸಿಯಲ್ಲಿ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ; ಮೂರು ಸಲವೂ ರಸ್ತೆಯಲ್ಲಿ ಹಳ್ಳವಿದೆಯೆಂದು ಹೇಳಿದೆ.

ನರ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. ಪರೀಕ್ಷಿಸಿದ ಶಸ್ತ್ರವೈದ್ಯರು ಮೊಗಸಾಲೆಗೆ ಬಂದು, ಸಂಬಂಧಿಯೆಂದು ತಿಳಿದು ನನಗೇ ಹೇಳಿದರು: “ಕಣ್ಣಿನ ಒಳಪದರ ಕಿತ್ತು ಬಂದಿದೆ. ನಡುಭಾಗ ಗುರುವಾರ ಅಂಟಿಕೊಂಡೇ ಇತ್ತು ಅನ್ಸುತ್ತೆ, ಈಗ ಅದೂ ಬಿಟ್ಟಿದೆ. ನಾಳೆ ಬೆಳಿಗ್ಗೆ ಮೊದಲನೇದಾಗಿ ಆಪರೇಷನ್‌ಗೆ ತಗೊಳ್ತೀವಿ. ಎಷ್ಟು ವಾಪಸು ಬರುತ್ತೋ ಈಗ ಹೇಳಲಾರೆ. ಯಾಕೆ ತಡ ಮಾಡಿದ್ರಿ?”

ಯಾಕೆ ತಡ ಮಾಡಿದ್ರಿ.

ಮಾರ್ಚ್ ೧೬, ಭಾನುವಾರ

ಶಸ್ತ್ರಚಿಕಿತ್ಸೆ ಎರಡು ಗಂಟೆ. ಆಯಿತು. ಅವಳಿಗಾಗಿ ಪ್ರಾರ್ಥಿಸಲು ಕುಳಿತೆ. ನಡುವೆ ಮಂತ್ರ ಮರೆತುಹೋಯಿತು. ಬಾಯಿಗೆ ಬಂದದ್ದು ಹೇಳಿದೆ.

ಮಾರ್ಚ್ ೧೮, ಮಂಗಳವಾರ

ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದಾರೆ. ಅದು ಪದರವನ್ನು ಒತ್ತಿ ಹಿಡಿಯಬೇಕಾದರೆ ಒಂದು ವಾರ ಬೋರಲಾಗಿಯೇ ಮಲಗಿರಬೇಕು. ನಡುವೆ ತೂತಿರುವ ದಿಂಬಿನಲ್ಲಿ ಮುಖವಿಟ್ಟು ಹೊಲಿಗೆಯಕ್ಕ ನೆಲದೊಡನೆ ಮಾತನಾಡುತ್ತಾಳೆ. ಪಕ್ಕದ ಕುರ್ಚಿಯಲ್ಲಿ ಕುಳಿತೆ, ಹೇಳಿದೆ. ಬಿಡಿಸಿ, ಅಕ್ಷರ ಅಕ್ಷರವಾಗಿ. ನೀನು ಬರೆದದ್ದು ಸರಿಯಿತ್ತು, ನಾನು ಕೆಡಿಸಿದೆ, ಅದರಿಂದಲೇ ರೇಡಿಯೋ ಆ ಉತ್ತರ ಕೊಟ್ಟರು, ಅದರಿಂದಲೇ ನೀನು ಕಾದೆ.

ಪಕ್ಕದ ಮಂಚದವರು ಲೋಟ ಇಟ್ಟ ಸದ್ದು ಕೇಳಿಸಿತು.

“ನನ್ನ ಮುಖ ನೆಲ ನೋಡ್ತಿದೆ ಅಂತಾನೇ ಇದನ್ನ ಹೇಳೋಕೆ ಧೈರ್ಯ ಬಂತಾ ಅಜ್ಜ?”

“ಇರಬಹುದಮ್ಮ.”

“ಕೊಂಬು ಇಟ್ಟವರು ನೀವು. ತಿವಿದದ್ದು ನನಗೆ.”

ಜಾರಿದ್ದ ಅವಳ ಹೊದಿಕೆಯನ್ನು ಸರಿಪಡಿಸಹೋದೆ.

“ಇವತ್ತು ಹೋಗಿ. ಮಾತಾಡೋಕೆ ಮನಸ್ಸಿಲ್ಲ.”

ಬಸ್ಸಿನಲ್ಲಿ ಬಂದೆ. ಮಗಳು ಓಡಿಸುವ ಬಸ್ಸೇ. ಚಾಲಕರೊಡನೆ ಮಾತನಾಡಬಾರದೆಂಬ ಫಲಕವಿದೆಯಂತೆ. ಇಬ್ಬರೂ ಪಾಲಿಸಿದೆವು.

ಮಾರ್ಚ್ ೧೯, ಬುಧವಾರ

ಹೋದೆ. ನಿದ್ದೆಯಲ್ಲಿದ್ದಾಳೆ ಎಂದರು. ಉಸಿರು ನಿದ್ದೆಯದಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತು ಬಂದೆ.

ಮಾರ್ಚ್ ೨೧, ಶುಕ್ರವಾರ

ಅವಳೇ ಕರೆಸಿದಳು.

“ಎರಡು ದಿನ ನಿಮ್ಮನ್ನ ಬೈದೆ ಅಜ್ಜ, ಮನಸ್ಸಲ್ಲೇ. ಬೈಗುಳ ಖರ್ಚಾಯ್ತು. ಈಗ ಹೇಳಿ, ಅದು ಇವತ್ತಿಗೂ ಹಾಗೇ ಇದೆಯಾ ಪಡಸಾಲೆಯಲ್ಲಿ? ನಿಮ್ಮ ಕೊಂಬು?”

“ಇದೆ.”

“ಮೊದಲು ಅದನ್ನ ತೆಗೀರಿ. ನಾನು ಹೇಳಿದ ಮಾತು ನಾನು ಹೇಳಿದ ಹಾಗೇ ಇರಲಿ. ಆಮೇಲೆ ಏನಾಯ್ತು ಅಂತ ಎರಡೂ ಕಡೆ ಬರೀರಿ. ನಿಮ್ಮ ಮರ್ಯಾದೆ ಹೋಗುತ್ತೆ, ಹೋಗಲಿ. ನನ್ನ ಹಾಗೆ ಇನ್ಯಾರೋ ಕಾಯ್ತಾ ಕೂತಿರಬಹುದು.”

“ಬರೆಯುತ್ತೇನಮ್ಮ.”

“ಚಿಕ್ಕದಾಗಿ ಬರೀರಿ. ನೀವು ಶುರು ಮಾಡಿದ್ರೆ ಪೀಠಿಕೆಯಲ್ಲೇ ಇನ್ನೊಬ್ಬರ ಕಣ್ಣು ಹೋಗುತ್ತೆ.”

ಮನೆಗೆ ಬಂದು ಆ ಒಂದು ಇಳಿಯನ್ನು ಅಳಿಸಿದೆ. ಅಳಿಸಲು ಅರೆಗಳಿಗೆಯೂ ಹಿಡಿಯಲಿಲ್ಲ. ಆಮೇಲೆ ಏಳು ಸಾಲು ಬರೆದು ಎರಡೂ ಕಡೆ ಹಾಕಿದೆ.

ಮಾರ್ಚ್ ೨೩, ಭಾನುವಾರ

ಪಡಸಾಲೆಯಲ್ಲಿ ಒಂಬತ್ತು ಉತ್ತರ. ಎಲ್ಲರೂ ಅವಳು ಹೇಗಿದ್ದಾಳೆಂದು ಕೇಳಿದ್ದಾರೆ. ರೇಡಿಯೋ ಮಾತ್ರ ಬರೆಯಲಿಲ್ಲ; ಫೋನು ಮಾಡಿದರು. “ಅಜ್ಜ, ‘ಎರಡು ದಿನ ಕಾಯಿರಿ’ ಅಂದವನು ನಾನು. ಅವರು ಕಾದಿದ್ದು ನನ್ನ ಮಾತಿಗೆ.” ಅಷ್ಟು ಹೇಳಿ ಅತ್ತರು. ಅವರು ಅತ್ತದ್ದನ್ನು ನಾನು ಮೊದಲ ಬಾರಿ ಕೇಳಿದೆ. ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ತಪ್ಪು ಹಂಚಿಕೊಳ್ಳೋಣ ಅಂದಿರಬೇಕು.

ಹೊಸ ಜಾಗದಲ್ಲಿ ಇನ್ನೂರಹನ್ನೆರಡು ಹೆಬ್ಬೆರಳು, ಅಳುವ ಮುಖ, ಜೋಡಿಸಿದ ಕೈ. ನನ್ನನ್ನು ‘ಧೀಮಂತ ಹಿರಿಯರು’ ಎಂದು ಹೊಗಳಿ ಅರವತ್ತು ಮಾತು. ಯಂತ್ರ ಒಂದೊಂದನ್ನೂ ಓದಿತು, ನಾನೂ ಬಿಡದೆ ಕೇಳಿದೆ. ಎಲ್ಲಕ್ಕಿಂತ ಕೆಳಗೆ, ಎಲ್ಲ ಹೊಗಳಿಕೆ ಮುಗಿದ ಮೇಲೆ, ಯಾವಳೋ ಒಬ್ಬಳು:

‘ನನ್ ತಮ್ಮಂಗು ಹಿಂಗೆ ಆಗಿದೆ ನಿನ್ನೆ ಇಂದ. ಕಪ್ಪು ಪರದೆ. ಯಾರಿಗೆ ಪೋನ್ ಮಾಡ್ಬೇಕು ಹೇಳಿ.’

ಬರೆದದ್ದು ಶುಕ್ರವಾರ ಸಂಜೆ. ನಾನು ಕೇಳಿಸಿಕೊಂಡದ್ದು ಭಾನುವಾರ ಮಧ್ಯಾಹ್ನ. ನಡುವೆ ಅದರ ಮೇಲೆ ಹಾದುಹೋದವರೆಷ್ಟೋ. ಆರು ಮಂದಿ ಅದಕ್ಕೂ ಹೆಬ್ಬೆರಳು ಒತ್ತಿದ್ದರು.

ನರ್ಸಮ್ಮನ ನಂಬರು ಬರೆದೆ, ನನ್ನದೂ ಬರೆದೆ. ನರ್ಸಮ್ಮನೂ ಬರೆದಳು. ಉತ್ತರವಿಲ್ಲ. ಊರು ಯಾವುದೋ, ಹೆಸರು ನಿಜವೋ ಅಲ್ಲವೋ. ಚಿತ್ರದ ಜಾಗದಲ್ಲಿ ಹೂವಿದೆಯೆಂದು ಮಗಳು ಹೇಳಿದಳು. “ನೋಡ್ತಾಳೆ ಅಪ್ಪ,” ಎಂದಳು. ಅವಳ ದನಿಯಲ್ಲೂ ನಂಬಿಕೆಯಿರಲಿಲ್ಲ.

ಮಾರ್ಚ್ ೨೪, ಸೋಮವಾರ

ಉತ್ತರವಿಲ್ಲ.

ಮಾರ್ಚ್ ೨೫, ಮಂಗಳವಾರ

ಉತ್ತರವಿಲ್ಲ. ಕುಳಿತರೆ ನಿಂತರೆ ಆ ತಮ್ಮನ ವಿಚಾರ. ವಯಸ್ಸೆಷ್ಟೋ. ಎರಡು ಕಣ್ಣಿದ್ದವನೋ, ಒಂದೋ. ನನ್ನ ಕಣ್ಣಿನ ಅಂಚು ನಿನ್ನೆಯಿಂದ ಸ್ವಲ್ಪ ಮಸುಕಾಗಿದೆಯೆಂದು ಮಗಳು ಗುರುತಿಸಿದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿಯಿತಂತೆ. ನಾನು ಗಮನಿಸಿರಲಿಲ್ಲ.

ಮಾರ್ಚ್ ೨೭, ಗುರುವಾರ

ರೇಡಿಯೋ, ನರ್ಸಮ್ಮ, ನಾನು, ಮತ್ತೆ ಪಡಸಾಲೆಯ ಉಳಿದವರು ಎಲ್ಲರೂ ಒಟ್ಟಿಗೆ ಫೋನಿನಲ್ಲಿ. ಹೊಲಿಗೆಯಕ್ಕನಿಗೆ ನಿನ್ನೆ ಮನೆಗೆ ಹೋಗಲು ಬಿಟ್ಟಿದ್ದಾರೆ, ಅವಳೂ ಇದ್ದಳು.

ಪಡಸಾಲೆಯನ್ನು ಉಳಿಸಲಾಗದು, ಅದು ಇತ್ಯರ್ಥವಾಯಿತು. ನಾನು ವಾದಿಸಲಿಲ್ಲ. ಹಳೆಯ ಉತ್ತರಗಳನ್ನೆಲ್ಲ ನಕಲು ಮಾಡಿಕೊಂಡು ರೇಡಿಯೋ ಇಟ್ಟುಕೊಳ್ಳುತ್ತಾರೆ.

“ಹನ್ನೊಂದು ಜನ ಇದ್ದೀವಿ,” ಎಂದೆ ನಾನು. “ದಿನಕ್ಕೊಬ್ಬರ ಪಾಳಿ. ಆ ಹೊಸ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಳದವರೆಗೂ ಓದಿಸೋದು. ಪ್ರಶ್ನೆ ಸಿಕ್ಕಿದ್ರೆ ಅಲ್ಲಿ ಬರೆಯೋದಷ್ಟೇ ಅಲ್ಲ, ನಂಬರು ಇಸ್ಕೊಂಡು ಫೋನ್ ಮಾಡೋದು.”

“ಚಿತ್ರ ಚಿತ್ರ ಅಂತ ಹುಚ್ಚು ಹಿಡಿಯುತ್ತೆ ಅಂದ್ರಲ್ಲ ಅಜ್ಜ?” ಎಂದರು ರೇಡಿಯೋ.

“ಹಿಡೀಲಿ. ವಾರಕ್ಕೊಂದು ದಿನ ತಾನೇ.”

“ನನಗೆ ಗುರುವಾರ ಕೊಡಿ,” ಎಂದಳು ಹೊಲಿಗೆಯಕ್ಕ. “ಗುರುವಾರದ ಮೇಲೆ ನನಗೆ ಸೇಡಿದೆ.”

ನಾನು ಸೋಮವಾರ ತೆಗೆದುಕೊಂಡೆ. ಶನಿವಾರ ಉಳಿದ ಯಾರಿಗೂ ಬಿಡುವಿಲ್ಲವೆಂದರು. ಅದನ್ನೂ ನಾನೇ ಅಂದೆ. ಹನ್ನೊಂದು ಜನರಲ್ಲಿ ನಾಲ್ವರಿಗೆ ಎಪ್ಪತ್ತು ದಾಟಿದೆ. ನಾಲ್ಕು ಸಾವಿರದ ಹೊಳೆಗೆ ಹನ್ನೊಂದು ಕಿವಿ. ಸಾಲುವುದಿಲ್ಲವೆಂದು ಎಲ್ಲರಿಗೂ ಗೊತ್ತು.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಪಾಳಿ. ನೂರಹದಿನಾರು ಚಿತ್ರ, ಎರಡು ಪ್ರಶ್ನೆ. ಎರಡಕ್ಕೂ ಫೋನು ಮಾಡಿದೆ. ಒಬ್ಬರು ಎತ್ತಿದರು.

ಆ ತಮ್ಮನ ಅಕ್ಕನಿಂದ ಇಂದಿಗೂ ಉತ್ತರವಿಲ್ಲ. ಹತ್ತನೆಯ ದಿನ.

ಹನ್ನೊಂದು ಗಂಟೆಗೆ ಹೊಲಿಗೆಯಕ್ಕನ ಕಣ್ಣಿನ ಪರೀಕ್ಷೆ. ಜೊತೆಗೆ ನಾನೇ ಬರಬೇಕೆಂದಿದ್ದಳು. ಕತ್ತಲೆ ಕೋಣೆ, ಎದುರು ಬೆಳಗುವ ಫಲಕ. ಕಣ್ಣೊಳಗಿನ ಗುಳ್ಳೆ ಕುಗ್ಗಿ ಇಳಿದಿದೆಯಂತೆ. ಲೋಟದ ನೀರಿನ ಮಟ್ಟದಂಥ ಒಂದು ಗೆರೆ ಅಲುಗಾಡುತ್ತದೆ, ಅದರ ಮೇಲೆ ಲೋಕವಿದೆ, ಎಂದಳು.

“ಬೆರಳೆಷ್ಟು?” ಎಂದರು ವೈದ್ಯರು.

“ಮೂರು.”

“ಫಲಕದ ಮೇಲಿನ ಅಕ್ಷರ?”

ಅವಳು ಹೇಳಿದಳು. ಸರಿಯಿತ್ತು. ಎರಡನೆಯ ಸಾಲಿನಲ್ಲಿ ತಡೆದಳು. ಒಂದು ಅಕ್ಷರ ಸರಿ, ಒಂದು ತಪ್ಪು. ಮೂರನೆಯ ಸಾಲು ಇಲ್ಲ. ಆಮೇಲೆ ಗೆರೆಗಳ ಕಾಗದವೊಂದನ್ನು ಹಿಡಿದರು.

“ಗೆರೆ ನೇರ ಇದೆಯಾ?”

“ಇಲ್ಲ. ನಡುವೆ ಸುಕ್ಕು ಬಿದ್ದಿದೆ. ಇಸ್ತ್ರಿ ಮಾಡದ ಹಾಗೆ.”

“ನಡುಭಾಗ ಎರಡು ದಿನ ಬಿಟ್ಟಿತ್ತಲ್ಲ, ಅದರ ಗುರುತು. ತಿಂಗಳುಗಳಲ್ಲಿ ಸ್ವಲ್ಪ ಸುಧಾರಿಸಬಹುದು. ಪೂರ್ತಿ ಅಂತ ಮಾತು ಕೊಡಲಾರೆ.”

“ಓಡಾಡ್ತೀನಿ?”

“ಓಡಾಡ್ತೀರಿ.”

“ಹೊಲಿತೀನಿ?”

ವೈದ್ಯರು ದೀಪ ಹಾಕಿದರು. “ಸಣ್ಣ ಕೆಲಸ ಕಷ್ಟ,” ಎಂದರು.

ಹೊಲಿಗೆಯಕ್ಕ ಎದ್ದು ನನ್ನ ತೋಳು ಹಿಡಿದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ನಾನೂ ಬೇಡಲಿಲ್ಲ. ಬಾಗಿಲ ಬಳಿ, “ಚೀಲ, ದಿಂಬಿನ ಹೊದಿಕೆ, ದಪ್ಪ ಹೊಲಿಗೆ ಆಗುತ್ತೆ ಅಜ್ಜ. ನೋಡೋಣ,” ಎಂದಳು. ಹೊರಗೆ ಬಿಸಿಲಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದಳು. ಬಿಸಿಲು ಚುಚ್ಚಿತೆಂದು ನಕ್ಕಳು, ಆಮೇಲೆ ಅತ್ತಳು.

ಮಧ್ಯಾಹ್ನ ಹನ್ನೆರಡಕ್ಕೆ ಪಡಸಾಲೆ ಮುಚ್ಚಿತು. ಆಗ ನಾವು ಬಸ್ ಸ್ಟಾಪಿನಲ್ಲಿದ್ದೆವು. ಯಾರಿಗೂ ಹೊತ್ತು ನೆನಪಿರಲಿಲ್ಲ.

ಭಯ ಹೋಗಿಲ್ಲ. ಮೊದಲು ಒಬ್ಬನ ಕತ್ತಲಿನಷ್ಟಿತ್ತು, ಈಗ ಎಷ್ಟು ಜನರ ಕತ್ತಲಿನಷ್ಟಿದೆಯೋ ಅಳೆಯಲು ಬಾರದು. ಆದ್ದರಿಂದ ಕೈಜೋಡಿಸಿ ಬರೆಯುತ್ತೇನೆ. ಹೊಲಿಗೆಯಕ್ಕನ ಕಣ್ಣಿನ ಸುಕ್ಕು ಬಿಡಲಿ. ನರ್ಸಮ್ಮನ ಕಾಲಿಗೆ ಬಲವಿರಲಿ, ಶಸ್ತ್ರವೈದ್ಯರ ಕೈ ಸ್ಥಿರವಿರಲಿ. ರೇಡಿಯೋ ತಮ್ಮನ್ನು ತಾವು ಶಪಿಸಿಕೊಳ್ಳುವುದನ್ನು ನಿಲ್ಲಿಸಲಿ. ಮಗಳು ಓಡಿಸುವ ದಾರಿಯೆಲ್ಲ ಸುಖವಾಗಿರಲಿ. ಪಡಸಾಲೆಯಲ್ಲಿ ಬರೆದು ಹೋದವರಿಗೂ, ಹೊಸ ಹೊಳೆಯಲ್ಲಿ ಹೆಬ್ಬೆರಳೊತ್ತಿ ಸರಿಯುವವರಿಗೂ ಒಳ್ಳೆಯದಾಗಲಿ. ಅವರಿಗೂ ಒಂದು ದಿನ ಕತ್ತಲಾಗಬಹುದು. ಹೆಸರೂ ಊರೂ ತಿಳಿಯದ ಆ ತಮ್ಮನನ್ನು ಅವನ ಅಕ್ಕ ಯಾವುದೋ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿರಲಿ. ಲೋಕದಲ್ಲಿ ಕೇಳುವ ಬಾಯಿಗಳೆಲ್ಲಕ್ಕೂ ಕೇಳುವ ಕಿವಿಯೊಂದು ದೊರೆಯಲಿ.